ರಾಕ್ ಸ್ಟೇಜ್‌ಗೆ ಯಾವ ಗಿಟಾರ್ ಆಂಪ್? ಪದೇ ಪದೇ ಕೇಳುವ ಪ್ರಶ್ನೆಗಳು

ಪಬ್‌ಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ ಗಿಟಾರ್ ನುಡಿಸುತ್ತಾ ಬಂದವನು ನಾನು. ಶೋ ಮುಗಿದು ಕೇಬಲ್ ಸುತ್ತುವ ಹೊತ್ತಿಗೆ ಯಾರಾದರೂ ಹತ್ತಿರ ಬಂದು ಆಂಪ್ ಬಗ್ಗೆ ಕೇಳುತ್ತಾರೆ. ಊರು ಬೇರೆಯಾದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಮೊದಲ ಆಂಪ್ ಕೊಳ್ಳುವವರು ಮೇಲಿಂದ ಓದಿ. ಆಗಲೇ ಸ್ಟೇಜ್ ಹತ್ತಿದವರು ಕೆಳಗಿನ ಭಾಗಗಳಿಗೆ ಹೋಗಬಹುದು.

## ಮೊದಲ ಆಂಪ್ ಕೊಳ್ಳುವವರಿಗೆ

ಆಂಪ್ ಅಂದ್ರೆ ಸೌಂಡ್ ಜಾಸ್ತಿ ಮಾಡೋ ಪೆಟ್ಟಿಗೆ ತಾನೆ? ಮನೆಯ ಹೋಂ ಥಿಯೇಟರ್‌ಗೇ ಗಿಟಾರ್ ಸಿಕ್ಕಿಸಿದ್ರೆ ಆಗಲ್ವಾ?

ಸದ್ದು ಬರುತ್ತದೆ, ಆದರೆ ಅದು ರಾಕ್ ಗಿಟಾರ್ ಸದ್ದಲ್ಲ. ಹಾಡು ಕೇಳುವ ಸ್ಪೀಕರ್ ಕೊಟ್ಟಿದ್ದನ್ನು ಕೊಟ್ಟ ಹಾಗೇ ಕೇಳಿಸಬೇಕು. ಗಿಟಾರ್ ಆಂಪ್ ಕೆಲಸ ಬೇರೆ. ಅದು ವಾದ್ಯದ ಅರ್ಧ ಭಾಗ. ತಂಬೂರಿಗೆ ಬುರುಡೆ ಹೇಗೋ ಎಲೆಕ್ಟ್ರಿಕ್ ಗಿಟಾರ್‌ಗೆ ಆಂಪ್ ಹಾಗೆ.

ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಬೇಗ ಸೊರಗುತ್ತದೆ. ಅದು ದೋಷವಲ್ಲ. ಸದ್ದನ್ನು ಬೇಕೆಂದೇ ಒಡೆದು ಒರಟಾಗಿಸುವುದಕ್ಕೆ ಡಿಸ್ಟಾರ್ಷನ್ ಅನ್ನುತ್ತಾರೆ. ಡಿಸ್ಟಾರ್ಷನ್‌ನಲ್ಲಿ ಹುಟ್ಟುವ ಕರ್ಕಶವೆಲ್ಲ ಆ ಮೇಲಿನ ಭಾಗದಲ್ಲೇ ಇರುತ್ತದೆ, ಸ್ಪೀಕರ್ ಅದನ್ನು ಸೋಸಿಬಿಡುತ್ತದೆ. ಹೋಂ ಥಿಯೇಟರ್‌ಗೆ ಡಿಸ್ಟಾರ್ಷನ್ ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಸಣ್ಣ ಪೆಟ್ಟಿಗೆ) ಸಿಕ್ಕಿಸಿದರೆ ಡಬ್ಬಿಯಲ್ಲಿ ಜೇನುಹುಳ ಕೂಡಿಹಾಕಿದ ಹಾಗೆ ಕೇಳುತ್ತದೆ. ಜೋರು ಮಾಡಿದರೆ ಟ್ವೀಟರ್, ಅಂದರೆ ಮೇಲಿನ ಸ್ವರಗಳ ಸಣ್ಣ ಸ್ಪೀಕರ್, ಸುಟ್ಟುಹೋಗಲೂಬಹುದು.

ಪ್ರಾಕ್ಟೀಸ್‌ಗೆ ತಗೊಂಡ 10 ವಾಟ್ ಆಂಪ್ ಇದೆ. ಅದನ್ನೇ ಸ್ಟೇಜ್‌ಗೆ ಒಯ್ಯಬಹುದಾ?

ಡ್ರಮ್ಮರ್ ಇಲ್ಲದಿದ್ದರೆ ಒಯ್ಯಿರಿ. ಇದ್ದರೆ ಬೇಡ. ಡ್ರಮ್ಸ್ ಪಕ್ಕ ಸದ್ದು 100 ಡೆಸಿಬೆಲ್ ದಾಟುವುದು ಮಾಮೂಲು. ಆರೂವರೆ ಇಂಚಿನ ಸ್ಪೀಕರ್ ಇರುವ ಸಣ್ಣ ಆಂಪ್ ಅಲ್ಲಿ ಪೂರ್ತಿ ತಿರುಗಿಸಿದರೂ ಉಸಿರು ಕಟ್ಟಿದ ಹಾಗೆ ಒದ್ದಾಡುತ್ತದೆ. ಮುಂದೆ ಮೈಕ್ ಇಟ್ಟು ಜನರಿಗೆ ಕೇಳಿಸಬಹುದು ನಿಜ. ಆದರೆ ನಿಮಗೇ ನಿಮ್ಮ ಗಿಟಾರ್ ಕೇಳಿಸುವುದಿಲ್ಲ. ಕೇಳದೇ ಇದ್ದಾಗ ಕೈ ಸುಮ್ನೆ ಬಿಗಿಯಾಗುತ್ತದೆ, ಗಟ್ಟಿಯಾಗಿ ಬಾರಿಸುತ್ತೀರಿ, ಶ್ರುತಿ ಅಲ್ಲಾಡುತ್ತದೆ.

ಪಬ್‌ನಲ್ಲಿ ನುಡಿಸೋಕೆ ಎಷ್ಟು ವಾಟ್ ಬೇಕು ಸರ್? 100 ವಾಟ್ ಇದ್ರೆ ಸೇಫ್ ಅಲ್ವಾ?

ಇದೇ ಎಲ್ಲರೂ ಕೇಳುವ ಪ್ರಶ್ನೆ. ದುಡ್ಡು ಹೆಚ್ಚು ಪೋಲಾಗುವುದೂ ಇಲ್ಲೇ.

ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. 50 ವಾಟ್‌ಗೂ 100 ವಾಟ್‌ಗೂ ಇರುವ ವ್ಯತ್ಯಾಸ ಬರೀ 3 ಡೆಸಿಬೆಲ್. ಕಿವಿಗೆ ಅದು ಸ್ವಲ್ಪ ಜಾಸ್ತಿ ಅನಿಸುತ್ತದೆ, ಅಷ್ಟೇ. ಸದ್ದು ಇಮ್ಮಡಿಯಾದ ಹಾಗೆ ಅನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವಾಟ್ ಬೇಕು. ಅಂದರೆ 100 ವಾಟ್ ಆಂಪ್ 10 ವಾಟ್ ಆಂಪ್‌ಗಿಂತ ಎರಡರಷ್ಟು ಜೋರು. ಇನ್ನು ಸ್ಪೀಕರ್ ಬದಲಾಯಿಸಿದರೂ 2–3 ಡೆಸಿಬೆಲ್ ಏರುಪೇರಾಗುತ್ತದೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸೆಲೆಶನ್ ಗ್ರೀನ್‌ಬ್ಯಾಕ್ ಸುಮಾರು 98 ಡೆಸಿಬೆಲ್ ಕೊಡುತ್ತದೆ, ಅದೇ ಕಂಪನಿಯ ವಿಂಟೇಜ್ 30 ಸುಮಾರು 100 ಕೊಡುತ್ತದೆ. ಜೋರಾಗಿ ಕೂಗುವ ಸ್ಪೀಕರ್ ಹಾಕಿದ ಸಣ್ಣ ಆಂಪ್, ಮಂಕು ಸ್ಪೀಕರಿನ ದೊಡ್ಡ ಆಂಪನ್ನು ಹಿಂದೆ ಹಾಕಬಹುದು.

ಹಾಗಾದರೆ 100 ವಾಟ್ ಯಾಕೆ ಬಂತು? 1960ರ ದಶಕದಲ್ಲಿ ಪಿಎ ಸಿಸ್ಟಂ, ಅಂದರೆ ಜನರಿಗೆ ಕೇಳಿಸುವ ಹಾಲಿನ ಧ್ವನಿವರ್ಧಕ, ಇದ್ದದ್ದು ಹಾಡುವವರಿಗೆ. ಗಿಟಾರ್‌ಗೆ ಮೈಕ್ ಇಡುವ ರೂಢಿ ಇರಲಿಲ್ಲ. ಇಡೀ ಹಾಲ್‌ಗೆ ಆಂಪ್ ಒಂದೇ ಕೇಳಿಸಬೇಕಿತ್ತು. ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ 1965ರಲ್ಲಿ ಜಿಮ್ ಮಾರ್ಷಲ್ ಹತ್ತಿರ ಎಂಟು ಸ್ಪೀಕರಿನ ಒಂದೇ ಕ್ಯಾಬಿನೆಟ್ ಮಾಡಿಸಿಕೊಂಡರು. ಅದನ್ನು ಹೊರುವವರಿಗೆ ಆಗಲಿಲ್ಲ. ಆಮೇಲೆ ನಾಲ್ಕು ನಾಲ್ಕರ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಇಟ್ಟರು. ಇವತ್ತು ನಾವು ಕಣ್ಣರಳಿಸಿ ನೋಡುವ ಮಾರ್ಷಲ್ ಸ್ಟಾಕ್ ಬಂದದ್ದು ಹೀಗೆ. ಆ ಕಷ್ಟ ಈಗ ಇಲ್ಲ. ಹಾಲ್ ತುಂಬಿಸುವುದು ಪಿಎ ಕೆಲಸ. ನಿಮ್ಮ ಆಂಪ್ ಡ್ರಮ್ಮರ್‌ಗೆ ಸರಿಸಮ ನಿಂತರೆ ಸಾಕು.

ನನ್ನ ಲೆಕ್ಕ ಹೀಗಿದೆ. ಟ್ಯೂಬ್ ಆಂಪ್ (ಒಳಗೆ ಗಾಜಿನ ವಾಲ್ವ್ ಇರುವುದು) ಆದರೆ 15ರಿಂದ 30 ವಾಟ್. ಡಿಸ್ಟಾರ್ಷನ್ ಇಲ್ಲದ ಶುದ್ಧ ಟೋನ್ ಜೋರಾಗಿ ಬೇಕಾದರೆ 40. ಸಾಲಿಡ್ ಸ್ಟೇಟ್ (ಟ್ಯೂಬ್ ಬದಲು ಟ್ರಾನ್ಸಿಸ್ಟರ್ ಇರುವುದು) ಆದರೆ 50ರಿಂದ 100. ಟ್ಯೂಬ್‌ಗೆ ಕಡಿಮೆ ಸಾಕಾಗಲು ಕಾರಣವಿದೆ. ಮಿತಿ ದಾಟಿದಾಗ ಅದು ಮೆಲ್ಲಗೆ ಒಡೆಯುತ್ತದೆ, ಆ ಒಡೆದ ಸದ್ದೇ ನಮಗೆ ಬೇಕಾದ್ದು. ಸಾಲಿಡ್ ಸ್ಟೇಟ್ ಮಿತಿ ದಾಟಿದರೆ ಕಿವಿಗೆ ಚುಚ್ಚುತ್ತದೆ, ಹಾಗಾಗಿ ಮಿತಿಯ ಒಳಗೇ ಇರಬೇಕಾಗುತ್ತದೆ.

ಟ್ಯೂಬ್ ಆಂಪ್ ಬೇಕೇ ಬೇಕಾ? ಸಾಲಿಡ್ ಸ್ಟೇಟ್ ಅಂದ್ರೆ ಕಡಿಮೆ ದರ್ಜೆದು ಅಂತಾರಲ್ಲ?

ಅನ್ನುವವರಿಗೆ ರೋಲ್ಯಾಂಡ್ ಜೆಸಿ-120 ತೋರಿಸಿ. 1975ರಲ್ಲಿ ಬಂದದ್ದು, ಪೂರ್ತಿ ಸಾಲಿಡ್ ಸ್ಟೇಟ್, ಇವತ್ತಿಗೂ ದೊಡ್ಡ ದೊಡ್ಡ ಸ್ಟೇಜ್ ಮೇಲೆ ನಿಂತಿದೆ.

ಟ್ಯೂಬ್‌ನ ಸುಖವೇ ಬೇರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬೆರಳು ಒತ್ತಿದಷ್ಟು ಅದು ಸ್ಪಂದಿಸುತ್ತದೆ. ಮೆಲ್ಲಗೆ ಮೀಟಿದರೆ ತಿಳಿಯಾಗಿರುತ್ತದೆ, ಬಲವಾಗಿ ಬಾರಿಸಿದರೆ ಗುಡುಗುತ್ತದೆ. ಆದರೆ ಅದಕ್ಕೆ ಆರೈಕೆ ಬೇಕು. ಟ್ಯೂಬ್ ಸವೆಯುತ್ತದೆ, ಬದಲಾಯಿಸಬೇಕು, ಊರಲ್ಲಿ ಅದನ್ನು ಬಲ್ಲ ರಿಪೇರಿಯವರು ಇರಬೇಕು. ತಿಂಗಳಿಗೆ ಒಂದು ಶೋ, ಸ್ಕೂಟರ್ ಅಥವಾ ಆಟೊದಲ್ಲಿ ಓಡಾಟ ಅನ್ನುವವರಿಗೆ ಬಾಸ್ ಕಂಪನಿಯ ಕಟಾನಾ 100 ಥರದ ಆಂಪ್ ಒಳ್ಳೆಯ ಸಂಗಾತಿ. ಸುಮಾರು 15 ಕೆ.ಜಿ. ತೂಕ. ಅದರಲ್ಲಿ ಶಕ್ತಿಯನ್ನು ಅರ್ಧ ವಾಟ್‌ಗೆ ಇಳಿಸುವ ಸ್ವಿಚ್ ಇದೆ, ಅದೇ ಆಂಪ್ ಮನೆಗೂ ಆಗುತ್ತದೆ.

ಕಾಂಬೊ ತಗೊಳ್ಳಲಾ, ಹೆಡ್ಡು-ಕ್ಯಾಬಿನೆಟ್ಟಾ?

ಕಾಂಬೊ. ಮೊದಲ ಆಂಪ್‌ಗೆ ಬೇರೆ ಮಾತೇ ಇಲ್ಲ. ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಕಾಂಬೊ; ಆಂಪ್ ಬೇರೆ (ಹೆಡ್), ಸ್ಪೀಕರ್ ಪೆಟ್ಟಿಗೆ ಬೇರೆ (ಕ್ಯಾಬಿನೆಟ್) ಇದ್ದರೆ ಹೆಡ್ಡು-ಕ್ಯಾಬಿನೆಟ್ಟು. ಕಾರಣ ತೂಕ. ಫೆಂಡರ್ ಟ್ವಿನ್ ರಿವರ್ಬ್ ಕಾಂಬೊನೇ ಸುಮಾರು 29 ಕೆ.ಜಿ. ಲಿಫ್ಟ್ ಇಲ್ಲದ ಪಬ್‌ನ ಮೂರನೇ ಮಹಡಿಗೆ ಅದನ್ನು ಹೊತ್ತು ಮೇಲೆ ಹೋದ ಕೈ ತಕ್ಷಣ ಗಿಟಾರ್ ಹಿಡಿದರೆ ಬೆರಳು ನಡುಗುತ್ತದೆ. ನಾನದನ್ನು ಅನುಭವಿಸಿದ್ದೇನೆ. ಮೊದಲ ಎರಡು ಹಾಡು ಹಾಳಾದವು.

ಹೆಡ್‌ಗೆ ಒಂದೇ ಒಂದು ಅನುಕೂಲವಿದೆ. ನೀವು ಹೋಗುವ ಜಾಗಗಳಲ್ಲಿ ಕ್ಯಾಬಿನೆಟ್ ಇದ್ದರೆ ಹೆಡ್ ಮಾತ್ರ ಹೆಗಲಿಗೆ ಹಾಕಿಕೊಂಡು ಹೋಗಬಹುದು. ಆರೆಂಜ್ ಕಂಪನಿ 2006ರಲ್ಲಿ ತಂದ 15 ವಾಟ್‌ನ ಟೈನಿ ಟೆರರ್ ಆದಮೇಲೆ ಇಂಥ ಊಟದ ಡಬ್ಬಿ ಗಾತ್ರದ ಹೆಡ್‌ಗಳು ಬೇಕಾದಷ್ಟು ಬಂದಿವೆ.

## ಆರಿಸುವಾಗ

ಫೆಂಡರ್, ಮಾರ್ಷಲ್, ವಾಕ್ಸ್, ಇವುಗಳಲ್ಲಿ ರಾಕ್‌ಗೆ ಯಾವುದು?

ಮೂರೂ ರಾಕ್ ನುಡಿಸಿವೆ. ಅವುಗಳ ಗುಣ ತಿಳಿದರೆ ಆಯ್ಕೆ ಸುಲಭ.

ಫೆಂಡರ್ ಸದ್ದು ತಿಳಿನೀರಿನ ಹಾಗೆ. ನಡುವಿನ ಸ್ವರಭಾಗ, ಅಂದರೆ ಮಿಡ್, ಸ್ವಲ್ಪ ತಗ್ಗಿರುತ್ತದೆ. ಮೇಲೆ ಹೊಳಪು, ಕೆಳಗೆ ಉರುಟು. ಪೆಡಲ್‌ಗಳಿಂದ ಡಿಸ್ಟಾರ್ಷನ್ ತರುವವರಿಗೆ ಇದು ಒಳ್ಳೆಯ ನೆಲ. 22 ವಾಟ್‌ನ ಡೀಲಕ್ಸ್ ರಿವರ್ಬ್, 40 ವಾಟ್‌ನ ಹಾಟ್ ರಾಡ್ ಡೀಲಕ್ಸ್ ಎರಡೂ ಪಬ್‌ಗೆ ಸರಿಯಾದ ಅಳತೆ.

ಮಾರ್ಷಲ್ ಹುಟ್ಟಿದ್ದು ಫೆಂಡರ್‌ನಿಂದಲೇ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅವರ ಡ್ರಮ್ ಅಂಗಡಿ ಇತ್ತು. ಅಮೆರಿಕದ ಫೆಂಡರ್ ಅಲ್ಲಿ ಕೈಗೆಟುಕದಷ್ಟು ದುಬಾರಿ. 1962ರಲ್ಲಿ ಅವರೂ ಜೊತೆಗಾರರೂ ಫೆಂಡರ್ ಬಾಸ್‌ಮ್ಯಾನ್ ಸರ್ಕ್ಯೂಟನ್ನು ಎದುರಿಗಿಟ್ಟುಕೊಂಡು ಜೆಟಿಎಂ45 ಮಾಡಿದರು. ಬಿಡಿಭಾಗ ಬೇರೆ, ಸ್ಪೀಕರ್ ಬೇರೆ, ಸದ್ದೂ ಬೇರೆಯಾಯಿತು. ಮಿಡ್ ಮುಂದೆ ಬಂತು, ಒಡೆಯುವ ರೀತಿ ಗಡುಸಾಯಿತು. ಎಂಬತ್ತರ ದಶಕದ ಹಾರ್ಡ್ ರಾಕ್ ಸದ್ದು ಬೇಕಾದವರಿಗೆ ಜೆಸಿಎಂ800 ವಂಶದ ಆಂಪ್‌ಗಳು. ಇವತ್ತಿನ ಜೇಬಿಗೆ ಡಿಎಸ್‌ಎಲ್20, ಡಿಎಸ್‌ಎಲ್40.

ವಾಕ್ಸ್ ಎಸಿ30 ಗಂಟೆಯ ನಾದದ ಹಾಗೆ. ಕ್ವೀನ್ ಬ್ಯಾಂಡಿನ ಬ್ರಯನ್ ಮೇ ಜೀವನಪೂರ್ತಿ ಇದನ್ನೇ ನೆಚ್ಚಿಕೊಂಡಿದ್ದಾರೆ. ಅವರ ಸದ್ದು ಕೇಳಿದವರು ವಾಕ್ಸ್ ಬರೀ ಸೌಮ್ಯ ಅನ್ನಲಾರರು. 30 ವಾಟ್ ಅಂತ ಕಡೆಗಣಿಸಬೇಡಿ, ಸಣ್ಣ ಪಬ್‌ನಲ್ಲಿ ಅದನ್ನು ಅರ್ಧಕ್ಕಿಂತ ಮೇಲೆ ತಿರುಗಿಸಲು ಯಾರೂ ಬಿಡುವುದಿಲ್ಲ.

ಅಂಗಡೀಲಿ ಹೇಗೆ ಟೆಸ್ಟ್ ಮಾಡೋದು? ಎಲ್ಲಾ ಆಂಪೂ ಚೆನ್ನಾಗೇ ಕೇಳತ್ತೆ.

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಅಂಗಡಿಯ ದುಬಾರಿ ಗಿಟಾರ್‌ನಲ್ಲಿ ಕೇಳಿದ ಸದ್ದು ನಿಮ್ಮ ಜೊತೆ ಮನೆಗೆ ಬರುವುದಿಲ್ಲ. ರಿವರ್ಬ್ (ದೊಡ್ಡ ಹಾಲಿನ ಅನುರಣನ ತರುವ ನಾಬ್) ಸೊನ್ನೆಗೆ ಇಳಿಸಿ, ನಾಬ್‌ಗಳನ್ನೆಲ್ಲ ನಡುವಿಗೆ ತಂದು ಶುರು ಮಾಡಿ. ನೀವು ಶೋನಲ್ಲಿ ನುಡಿಸುವ ಹಾಡನ್ನೇ ನುಡಿಸಿ. ಗಿಟಾರ್‌ನ ವಾಲ್ಯೂಮ್ ನಾಬ್ ಹತ್ತರಿಂದ ಐದಕ್ಕೆ ಇಳಿಸಿ ನೋಡಿ. ಒಳ್ಳೆಯ ಆಂಪ್ ಆಗ ತಿಳಿಯಾಗುತ್ತದೆ, ಸಾಧಾರಣದ್ದು ಮಂಕಾಗುತ್ತದೆ. ಆಮೇಲೆ ಜೊತೆಗೆ ಬಂದವರ ಕೈಗೆ ಗಿಟಾರ್ ಕೊಟ್ಟು ಮೂರು ಮೀಟರ್ ಹಿಂದೆ ಹೋಗಿ, ಸ್ಪೀಕರ್ ಎತ್ತರಕ್ಕೆ ಬಗ್ಗಿ ಕೇಳಿ. ನಿಮ್ಮ ಜನ ಕೇಳುವುದು ಆ ಸದ್ದನ್ನೇ.

ಆದರೂ ಅಂಗಡಿಯಲ್ಲಿ ನಿಜ ಪೂರ್ತಿ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಡ್ರಮ್ಮರ್ ಇಲ್ಲ. ಕೊಳ್ಳಬೇಕು ಅಂದುಕೊಂಡ ಮಾಡೆಲ್ ಬ್ಯಾಂಡ್ ಅಭ್ಯಾಸಕ್ಕೆ ಬಾಡಿಗೆಗೆ ಸಿಗುವ ಯಾವ ಜ್ಯಾಮ್ ರೂಮ್‌ನಲ್ಲಿದೆ ಅಂತ ವಿಚಾರಿಸಿ. ಒಂದು ಗಂಟೆ ಬಾಡಿಗೆ ಕೊಟ್ಟು ಬ್ಯಾಂಡ್ ಸಮೇತ ನುಡಿಸಿ. ಬಾಸು, ಸ್ನೇರು, ಸಿಂಬಲ್ ನಡುವೆ ಆ ಆಂಪ್ ತನ್ನ ಜಾಗ ಹುಡುಕಿಕೊಂಡರೆ ಅದು ನಿಮ್ಮದು. ಇಷ್ಟು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ಉಪಯೋಗದ್ದು ಬೇರೆ ಇಲ್ಲ.

ಮನೇಲಿ ಸೂಪರ್ ಆಗಿರತ್ತೆ. ಸ್ಟೇಜ್ ಮೇಲೆ ನನ್ನ ಗಿಟಾರ್ ಕೇಳೋದೇ ಇಲ್ಲ. ಆಂಪ್ ಬದಲಾಯಿಸಬೇಕಾ?

ಬದಲಾಯಿಸುವ ಮುಂಚೆ ನಿಮ್ಮ ನಾಬ್‌ಗಳ ಫೋಟೊ ತೆಗೆದು ನೋಡಿ. ಬಾಸ್ 8, ಮಿಡ್ 2, ಟ್ರೆಬಲ್ 8, ಗೇನ್ (ಡಿಸ್ಟಾರ್ಷನ್ ಎಷ್ಟು ಅನ್ನುವ ನಾಬ್) 10 ಇದೆ ಅಲ್ವಾ?

ಮೆಲ್ಲಗಿನ ಸದ್ದಿನಲ್ಲಿ ನಮ್ಮ ಕಿವಿಗೆ ತೀರಾ ಕೆಳಗಿನದು, ತೀರಾ ಮೇಲಿನದು ಕಡಿಮೆ ಕೇಳುತ್ತದೆ. ಅದಕ್ಕೇ ಮನೆಯಲ್ಲಿ ಬಾಸ್, ಟ್ರೆಬಲ್ ಏರಿಸಿದರೆ ಸಿಹಿಯಾಗಿರುತ್ತದೆ. ಸ್ಟೇಜ್ ಮೇಲೆ ಸದ್ದು ಏರಿದಾಗ ಕಿವಿ ಎಲ್ಲವನ್ನೂ ಸಮನಾಗಿ ಹಿಡಿಯಲು ಶುರು ಮಾಡುತ್ತದೆ. ಆಗ ನಿಮ್ಮ ಬಾಸ್ ಹೋಗಿ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ ಹೊಟ್ಟೆಗೆ ಸೇರುತ್ತದೆ. ಟ್ರೆಬಲ್ ಸಿಂಬಲ್‌ನಲ್ಲಿ ಕರಗುತ್ತದೆ. ಗಿಟಾರ್‌ನ ಮನೆ ಇರುವುದು ನಡುವಿನಲ್ಲಿ, ಸುಮಾರು 400 ಹರ್ಟ್ಸ್‌ನಿಂದ 3,000ದವರೆಗೆ. ಅದನ್ನೇ ನೀವು 2ಕ್ಕೆ ಇಳಿಸಿದ್ದೀರಿ.

ಮುಂದಿನ ಜ್ಯಾಮ್‌ನಲ್ಲಿ ಬಾಸ್ 4, ಮಿಡ್ 7, ಟ್ರೆಬಲ್ 5 ಇಟ್ಟು ನೋಡಿ. ಗೇನ್ ಅರ್ಧಕ್ಕೆ ತನ್ನಿ. ಜಾಸ್ತಿ ಗೇನ್ ಇದ್ದಾಗ ಬಾರಿಸಿದ ಏಟು, ಅದರ ಬಾಲ ಎಲ್ಲ ಒಂದೇ ಎತ್ತರಕ್ಕೆ ಬಂದು ಚಪ್ಪಟೆಯಾಗುತ್ತದೆ, ಏಟಿನ ಮೊನೆಯೇ ಹೋಗುತ್ತದೆ. ಒಬ್ಬರೇ ನುಡಿಸುವಾಗ ಈ ಸೆಟ್ಟಿಂಗ್ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಹೆದರಬೇಡಿ. ಬ್ಯಾಂಡ್ ಸೇರಿದ ಕೂಡಲೇ ಅದು ಎದ್ದು ನಿಲ್ಲುತ್ತದೆ.

ಇನ್ನೊಂದು ಸಣ್ಣ ವಿಷಯ. ಆಂಪ್ ನೆಲದ ಮೇಲಿದ್ದರೆ ಅದು ನಿಮ್ಮ ಮೊಣಕಾಲಿಗೆ ಹಾಡುತ್ತಿರುತ್ತದೆ. ಕುರ್ಚಿಯ ಮೇಲಿಡಿ ಅಥವಾ ಹಿಂದಕ್ಕೆ ವಾಲಿಸಿ, ಸ್ಪೀಕರ್ ನಿಮ್ಮ ಕಿವಿ ನೋಡಲಿ. ಎಷ್ಟೋ ಸಲ ಇದೊಂದರಿಂದಲೇ ಸಮಸ್ಯೆ ಮುಗಿಯುತ್ತದೆ.

ನನ್ನ ಹತ್ರ ಪೆಡಲ್‌ಗಳಿವೆ. ಎಫೆಕ್ಟ್ಸ್ ಲೂಪ್ ಇರೋ ಆಂಪೇ ಬೇಕಾ?

ಡಿಸ್ಟಾರ್ಷನ್ ಎಲ್ಲಿಂದ ತರುತ್ತೀರಿ ಅನ್ನುವುದರ ಮೇಲಿದೆ. ಲೂಪ್ ಅಂದರೆ ಆಂಪ್ ಒಳಗಿನ ಗೇನ್ ಭಾಗ ದಾಟಿದ ಮೇಲೆ ಪೆಡಲ್ ಸೇರಿಸಲು ಹಿಂದೆ ಇರುವ ಜ್ಯಾಕ್ ಜೋಡಿ. ಪೆಡಲ್‌ನಿಂದ ತರುವುದಾದರೆ ಎಲ್ಲವನ್ನೂ ಆಂಪ್ ಮುಂದೆಯೇ ಸಾಲಾಗಿ ಹಾಕಬಹುದು, ಲೂಪ್ ಬೇಕಿಲ್ಲ. ಆಂಪ್‌ನ ಗೇನ್‌ನಿಂದಲೇ ತರುವುದಾದರೆ ಡಿಲೇ, ರಿವರ್ಬ್ ಲೂಪ್‌ನಲ್ಲಿರಬೇಕು. ಮುಂದೆ ಹಾಕಿದರೆ ಪ್ರತಿಧ್ವನಿಗಳೂ ಡಿಸ್ಟಾರ್ಟ್ ಆಗಿ ಎಲ್ಲ ಕಲಸಿ ಮುದ್ದೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆಂಪ್ ನೋಡೋಕೆ ಹೋಗ್ತಿದೀನಿ. ಏನೇನು ನೋಡಬೇಕು?

ಅರ್ಧ ಗಂಟೆ ಆನ್ ಇಟ್ಟು ನುಡಿಸದೆ ದುಡ್ಡು ಕೊಡಬೇಡಿ. ಬಿಸಿಯಾದ ಮೇಲೆ ಕಾಣುವ ದೋಷ ತಣ್ಣಗಿದ್ದಾಗ ಕಾಣುವುದಿಲ್ಲ. ಪ್ರತಿ ನಾಬ್ ತಿರುಗಿಸಿ. ಕರಕರ ಅಂದರೆ ಧೂಳು, ಅದು ಸ್ಪ್ರೇಯಿಂದ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಅಲ್ಲಿಂದ ಎದ್ದುಬನ್ನಿ. ಟಾರ್ಚ್ ಹಿಡಿದು ಸ್ಪೀಕರ್ ಕಾಗದ ನೋಡಿ, ಹರಿದಿದೆಯಾ, ಅಂಟು ಹಾಕಿದ್ದಾರಾ ಅಂತ. ಟ್ಯೂಬ್ ಆಂಪ್ ಆದರೆ ಮುಂಭಾಗದ ಸಣ್ಣ ಟ್ಯೂಬ್‌ಗಳನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ, ಸ್ಪೀಕರ್‌ನಲ್ಲಿ ಜೋರಾಗಿ ಟಣ್ ಅಂದರೆ ಅದು ಬದಲಾಯಿಸುವ ಹೊತ್ತಾಗಿದೆ. ಟ್ಯೂಬ್ ಸವೆದಿದ್ದರೆ ಬೆಲೆ ಇಳಿಸಿಕೊಳ್ಳಲು ಕಾರಣ, ಬಿಟ್ಟುಬಿಡಲು ಕಾರಣವಲ್ಲ. ಟ್ರಾನ್ಸ್‌ಫಾರ್ಮರ್ ಹೋಗಿದ್ದರೆ ಮಾತ್ರ ಬಿಟ್ಟುಬಿಡಿ. ಫುಟ್‌ಸ್ವಿಚ್ ಕೇಳಿ ಇಸಿದುಕೊಳ್ಳಿ. ಅದು ಕಳೆದಿದ್ದರೆ ಹಾಡಿನ ಮಧ್ಯೆ ಚಾನೆಲ್ ಬದಲಾಯಿಸಲು ಬಗ್ಗಬೇಕಾಗುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ ಬಂದ ಆಂಪ್ ಆದರೆ ಜ್ಯಾಕ್‌ಗಳಲ್ಲಿ ತುಕ್ಕು ಇದೆಯಾ ಅಂತಲೂ ನೋಡಿ. ಸಮುದ್ರದ ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ.

## ಸ್ಟೇಜ್ ಮೇಲೆ

ಆಂಪ್ ಒಯ್ಯೋಕೆ ಆಗಲ್ಲ. ಹೋದ ಕಡೆ ಏನಿದ್ಯೋ ಅದರಲ್ಲೇ ನುಡಿಸಬೇಕು. ಏನ್ಮಾಡೋದು?

ಹೆಚ್ಚಿನ ಕಡೆ ಸಿಗುವುದು ಜೆಸಿ-120 ಅಥವಾ ಯಾವುದಾದರೂ ಮಾರ್ಷಲ್. ಜೆಸಿ-120 ಸಿಕ್ಕರೆ ಅದರೊಳಗಿನ ಡಿಸ್ಟಾರ್ಷನ್ ನಾಬ್ ಮುಟ್ಟಬೇಡಿ. ಬ್ರೈಟ್ ಸ್ವಿಚ್ ಆಫ್ ಮಾಡಿ, ಟ್ರೆಬಲ್ 4ರ ಆಸುಪಾಸು, ಮಿಡ್ 7. ಡಿಸ್ಟಾರ್ಷನ್‌ನ್ನು ನಿಮ್ಮ ಪೆಡಲ್‌ನಿಂದಲೇ ತನ್ನಿ. ಆ ಆಂಪ್ ಎಲ್ಲವನ್ನೂ ಕನ್ನಡಿ ಹಿಡಿದ ಹಾಗೆ ತೋರಿಸುತ್ತದೆ, ಹಾಗಾಗಿ ಪೆಡಲ್‌ನಲ್ಲೂ ಟೋನ್ ಸ್ವಲ್ಪ ಇಳಿಸಿ.

ಯಾವುದೇ ಆಂಪ್ ಸಿಕ್ಕರೂ ಸದ್ದು ಒಂದೇ ಥರ ಇರಬೇಕಾದರೆ ಒಂದು ಒಳ್ಳೆಯ ಓವರ್‌ಡ್ರೈವ್ (ಮೆದುವಾಗಿ ಡಿಸ್ಟಾರ್ಷನ್ ತರುವ ಪೆಡಲ್) ಮತ್ತು ಬಾಸ್, ಮಿಡ್, ಟ್ರೆಬಲ್ ತಿದ್ದುವ ಒಂದು ಇಕ್ಯೂ ಪೆಡಲ್ ಸಾಕು. ಸಂಘಟಕರಿಗೆ ಮೊದಲೇ ಫೋನ್ ಮಾಡಿ ಆಂಪ್ ಮಾಡೆಲ್ ಕೇಳಿಕೊಳ್ಳಿ. "ಗಿಟಾರ್ ಆಂಪ್ ಇದೆ" ಅನ್ನುವ ಉತ್ತರಕ್ಕೆ ಸಮಾಧಾನವಾಗಬೇಡಿ, ಫೋಟೊ ಕಳಿಸಿ ಅನ್ನಿ.

20 ವಾಟ್ ಆಂಪ್‌ಗೂ ಸೌಂಡ್ ಇಂಜಿನಿಯರ್ ಕಮ್ಮಿ ಮಾಡಿ ಅಂತಾರೆ. ಕಮ್ಮಿ ಮಾಡಿದ್ರೆ ಟೋನ್ ಸತ್ತೋಗತ್ತೆ.

ಇಬ್ಬರೂ ಹೇಳುವುದು ಸರಿ. ಮಾಸ್ಟರ್ ವಾಲ್ಯೂಮ್ (ಗೇನ್ ಮುಟ್ಟದೆ ಒಟ್ಟು ಸದ್ದು ಮಾತ್ರ ಇಳಿಸುವ ನಾಬ್) ಇಲ್ಲದ ಟ್ಯೂಬ್ ಆಂಪ್ ಏರಿಸಿದಾಗಲೇ ಅರಳುತ್ತದೆ. ಆದರೆ ನಿಮ್ಮ ಆಂಪ್ ಸದ್ದು ಹಾಡುವವರ ಮೈಕ್‌ಗೆ ನುಗ್ಗಿದರೆ ಹಾಡು ಕೆಡುತ್ತದೆ.

ಮೊದಲು ಆಂಪನ್ನು ಸ್ಟೇಜಿನ ಪಕ್ಕಕ್ಕೆ ತಿರುಗಿಸಿ ಅಡ್ಡವಾಗಿ ಇಡಿ. 12 ಇಂಚಿನ ಸ್ಪೀಕರ್ ಮೇಲಿನ ಸ್ವರಗಳನ್ನು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಬಿಡುತ್ತದೆ. ಎದುರಿಗೆ ಕೂತವರಿಗೆ ಅದು ಬಡಿಯದಿದ್ದರೆ ಅರ್ಧ ಜಗಳ ಮುಗಿಯಿತು. ಅಟೆನ್ಯುಯೇಟರ್ ಅನ್ನುವ ಪೆಟ್ಟಿಗೆ ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂತು ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ, ಅದೂ ಒಂದು ದಾರಿ. ಕೆಲವು ಆಂಪ್‌ಗಳಲ್ಲಿ ವಾಟ್ ಅರ್ಧ ಮಾಡುವ ಸ್ವಿಚ್ ಇರುತ್ತದೆ. ಅರ್ಧ ಅಂದರೆ ಬರೀ 3 ಡೆಸಿಬೆಲ್ ಇಳಿಯುತ್ತದೆ, ಅದನ್ನು ನಂಬಿ ಕೂರಬೇಡಿ.

ಬಯಲು ಜಾಗದಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ಕೊನೆಯ ಹಾಡಿಗೆ ಸಮಯ ಉಳಿಸಿಕೊಂಡೇ ಸೆಟ್ ಹೊಂದಿಸಿ.

ಆಂಪ್ ಮುಂದೆ ಮೈಕ್ ಎಲ್ಲಿಡಬೇಕು?

ಶೂರ್ ಎಸ್‌ಎಂ57 ಸಿಕ್ಕರೆ ಸಾಕು, 1965ರಿಂದ ಈ ಕೆಲಸ ಮಾಡುತ್ತಿದೆ. ಜಾಲರಿಗೆ ಎರಡು ಬೆರಳು ದೂರದಲ್ಲಿಡಿ. ಸ್ಪೀಕರಿನ ನಡುವಿನ ಗುಬುಟಿಗೆ ನೇರ ಇಟ್ಟರೆ ಸದ್ದು ಚೂಪು, ಅಂಚಿನ ಕಡೆ ಸರಿಸಿದಷ್ಟು ಮೆದು. ಗುಬುಟಿಯ ಅಂಚು ನನ್ನ ಜಾಗ. ಒಮ್ಮೆ ಸರಿಯಾದ ಜಾಗ ಸಿಕ್ಕಿತೋ, ಜಾಲರಿಯ ಮೇಲೆ ಸಣ್ಣ ಟೇಪ್ ಅಂಟಿಸಿ. ಮುಂದಿನ ಊರಿನ ಸೌಂಡ್ ಹುಡುಗ ಕೇಳದೆಯೇ ಅಲ್ಲಿಡುತ್ತಾನೆ.

ಹಾಡೋಕೆ ಹೋದಾಗ ಮೈಕ್‌ನಿಂದ ತುಟಿಗೆ ಶಾಕ್ ಹೊಡೆಯತ್ತೆ. ಆಂಪ್ ತಪ್ಪಾ?

ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್‌ಸೀಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಸ್ಟೇಜ್ ಮೇಲೆಯೇ ತೀರಿಕೊಂಡರು. ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿದ್ದೇ ಕಾರಣ. ಅವರಿಗೆ 27 ವರ್ಷ.

ನನಗೂ ಒಂದು ಕಾಲೇಜು ಮೈದಾನದಲ್ಲಿ ಆಯಿತು. ಸಂಜೆ ಮಳೆ ಬಂದು ನಿಂತಿತ್ತು. ಕೈ ತಂತಿಗಳ ಮೇಲಿತ್ತು, ಮೊದಲ ಸಾಲು ಹಾಡಲು ಬಾಯಿಯನ್ನು ಮೈಕ್ ಹತ್ತಿರ ಒಯ್ದೆ. ತುಟಿಗೆ ಚೇಳು ಕುಟುಕಿದ ಹಾಗೆ ಆಯಿತು, ಕಣ್ಣ ಮುಂದೆ ಬಿಳಿ ಮಿಂಚು. ಆಮೇಲೆ ವೈರ್ ಹಿಡಿದು ಹೋಗಿ ನೋಡಿದೆವು. ಪಿಎ ಓಡುತ್ತಿದ್ದದ್ದು ಜನರೇಟರ್‌ನಲ್ಲಿ. ನನ್ನ ಆಂಪ್‌ಗೆ ಕರೆಂಟ್ ಪಕ್ಕದ ಕಟ್ಟಡದಿಂದ ಎಳೆದಿದ್ದರು. ಆ ಎಕ್ಸ್‌ಟೆನ್ಷನ್ ಬೋರ್ಡ್‌ನ ವೈರಲ್ಲಿ ಎರಡೇ ಎಳೆ, ಅರ್ತ್ ಎಳೆಯೇ ಇರಲಿಲ್ಲ. ಬೋರ್ಡ್ ಮೇಲೆ ಮೂರು ತೂತು ಕಂಡು ನಾನು ನಂಬಿದ್ದೆ.

ಅಂದಿನಿಂದ ನನ್ನ ಬ್ಯಾಗಿನಲ್ಲಿ ಮಲ್ಟಿಮೀಟರ್ ಇರುತ್ತದೆ. ಎಲ್ಲ ಆನ್ ಆದ ಮೇಲೆ, ಯಾರೂ ಮುಟ್ಟುವ ಮುಂಚೆ, ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ಹಿಡಿಯಿರಿ. ಒಂದೆರಡು ವೋಲ್ಟ್ ಒಳಗಿದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ನುಡಿಸಬೇಡಿ. ಆಂಪ್, ಪಿಎ ಎರಡಕ್ಕೂ ಒಂದೇ ಮೂಲದಿಂದ, ಅರ್ತ್ ಇರುವ ಮೂರು ಎಳೆಯ ವೈರಲ್ಲಿ ಕರೆಂಟ್ ಕೊಡಿಸಿ. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ಅದನ್ನು ಯಾವತ್ತೂ ಮಾಡಬೇಡಿ. ವೈರ್‌ಲೆಸ್ ಹಾಕಿದರೆ ಗಿಟಾರ್‌ಗೂ ಆಂಪ್‌ಗೂ ವೈರಿನ ನಂಟು ತಪ್ಪುತ್ತದೆ, ಅಷ್ಟು ಮಟ್ಟಿಗೆ ನೆಮ್ಮದಿ. ಆದರೆ ಅರ್ತ್ ಸರಿ ಮಾಡಿಸುವ ಕೆಲಸ ಹಾಗೇ ಉಳಿದಿರುತ್ತದೆ.

ಶೋ ಮುಗಿದ ಮೇಲೆ ಕಿವೀಲಿ ಸಿಳ್ಳೆ ಹೊಡೆದ ಹಾಗಾಗತ್ತೆ. ಮಾಮೂಲಾ?

ಎಲ್ಲರಿಗೂ ಆಗುತ್ತದೆ, ಆದರೆ ಅದು ಕಿವಿ ಕೊಡುವ ಎಚ್ಚರಿಕೆ. 100 ಡೆಸಿಬೆಲ್‌ನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಇರಬಾರದು ಅನ್ನುವುದು ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ, ಸದ್ದನ್ನು ಮಂಕು ಮಾಡದೆ ಇಳಿಸುತ್ತದೆ. ಆಂಪ್ ಕೊಳ್ಳುವ ದಿನವೇ ಅದನ್ನೂ ಕೊಳ್ಳಿ.

## ಇನ್ನೂ ಒಳಗೆ ಇಳಿಯುವವರಿಗೆ

ಅಣ್ಣ ಅಮೆರಿಕದಲ್ಲಿದ್ದಾನೆ, ಬರುವಾಗ ಆಂಪ್ ತರ್ತೀನಿ ಅಂತಿದಾನೆ. ಇಲ್ಲಿ ನಡೆಯತ್ತಾ?

ಆಂಪ್ ಹಿಂದಿನ ಚೀಟಿಯ ಫೋಟೊ ತರಿಸಿ. 100–240 ವೋಲ್ಟ್ ಅಂತಿದ್ದರೆ ಪ್ಲಗ್ ಬದಲಾಯಿಸಿದರೆ ಸಾಕು. ಬರೀ 120 ವೋಲ್ಟ್ ಅಂತಿದ್ದರೆ ನಮ್ಮ 230ಕ್ಕೆ ನೇರ ಸಿಕ್ಕಿಸಿದ ಕ್ಷಣ ಫ್ಯೂಸ್ ಹೋಗುತ್ತದೆ, ನಸೀಬು ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಕೂಡ.

ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಬಹುದು. ಅಳತೆ ನೋಡುವಾಗ ಆಂಪ್‌ನ ಸದ್ದಿನ ವಾಟ್ ನೋಡಬೇಡಿ, ಅದು ಎಳೆಯುವ ವಾಟ್ ನೋಡಿ. 40 ವಾಟ್‌ನ ಟ್ಯೂಬ್ ಆಂಪ್ ಗೋಡೆಯಿಂದ ಅದರ ಮೂರು ನಾಲ್ಕು ಪಟ್ಟು ಎಳೆಯಬಹುದು. ಅದಕ್ಕೂ ಎರಡರಷ್ಟು ತಾಳುವ ಟ್ರಾನ್ಸ್‌ಫಾರ್ಮರ್ ಇರಲಿ. ಎರಡು ತೂತಿನ ಅಗ್ಗದವು ಸಿಗುತ್ತವೆ, ಅವುಗಳಲ್ಲಿ ಅರ್ತ್ ಅಲ್ಲಿಗೇ ನಿಂತುಹೋಗುತ್ತದೆ. ಮೂರು ಪಿನ್‌ದೇ ಬೇಕು. ಅಲ್ಲಿ 60 ಹರ್ಟ್ಸ್, ಇಲ್ಲಿ 50. 60ಕ್ಕೆ ಮಾತ್ರ ಮಾಡಿದ ಆಂಪ್ ಇಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ.

ಇಷ್ಟೆಲ್ಲ ಕೂಡಿಸಿದರೆ, ಪ್ರತಿ ಶೋಗೂ ಇನ್ನೊಂದು ಭಾರದ ಪೆಟ್ಟಿಗೆ ಹೊರಬೇಕು. ಅಣ್ಣನಿಗೆ ಒಳ್ಳೆಯ ಪೆಡಲ್ ತರಲು ಹೇಳಿ, ಆಂಪ್ ಇಲ್ಲೇ ಕೊಳ್ಳಿ.

ಹೆಡ್ ಹಿಂದೆ 4, 8, 16 ಓಮ್ ಅಂತಿದೆ. ತಪ್ಪು ಸಿಕ್ಕಿಸಿದ್ರೆ ಏನಾಗತ್ತೆ?

ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ. ಟ್ಯೂಬ್ ಹೆಡ್ ಆದರೆ ಕ್ಯಾಬಿನೆಟ್ ಮೇಲೆ ಬರೆದ ಓಮ್‌ಗೂ ಹೆಡ್‌ನ ಜ್ಯಾಕ್‌ಗೂ ಹೊಂದಬೇಕು. 16 ಓಮ್‌ನ ಎರಡು ಕ್ಯಾಬಿನೆಟ್ (ಕ್ಯಾಬ್) ಒಟ್ಟಿಗೆ ಹಾಕಿದರೆ 8 ಆಗುತ್ತದೆ, 8ರ ಎರಡು ಹಾಕಿದರೆ 4. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಸಾಲಿಡ್ ಸ್ಟೇಟ್‌ನಲ್ಲಿ ಬೇರೆ ನಿಯಮ: ಬರೆದ ಓಮ್‌ಗಿಂತ ಕೆಳಗೆ ಹೋಗಬಾರದು, ಮೇಲಿದ್ದರೆ ಸದ್ದು ಕಡಿಮೆ ಅಷ್ಟೇ. ಹೆಡ್‌ನಿಂದ ಕ್ಯಾಬ್‌ಗೆ ಸ್ಪೀಕರ್ ಕೇಬಲ್ಲೇ ಬಳಸಿ. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ತೆಳು, ಬಿಸಿಯಾಗಿ ಕರಗಬಹುದು.

ಈಗ ಎಲ್ಲರೂ ಪ್ರೊಸೆಸರ್ ಇಟ್ಕೊಂಡು ನೇರ ಪಿಎಗೆ ಕೊಡ್ತಾರೆ. ಇನ್ನು ಆಂಪ್ ಯಾಕೆ?

ಪ್ರೊಸೆಸರ್ ಅಂದರೆ ಆಂಪ್, ಪೆಡಲ್ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಪೆಟ್ಟಿಗೆ. ಒಳ್ಳೆಯ ಪಿಎ, ಒಳ್ಳೆಯ ಮಾನಿಟರ್ (ನುಡಿಸುವವರಿಗೆ ಕೇಳಿಸಲು ಸ್ಟೇಜ್ ಮೇಲಿಡುವ ಸ್ಪೀಕರ್) ಇರುವ ಕಡೆ ಇದು ನ್ಯಾಯವಾದ ಪ್ರಶ್ನೆ. ಮೆಟಾಲಿಕಾ ಬ್ಯಾಂಡ್ 2013ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದಲ್ಲಿ ನುಡಿಸಿದಾಗ ಸ್ಟೇಜ್ ಮೇಲಿನ ಸ್ಪೀಕರ್ ಸದ್ದೇ ಬೇಕಾಗಲಿಲ್ಲ, ಕೇಳುಗರೆಲ್ಲ ಹೆಡ್‌ಫೋನ್ ಹಾಕಿಕೊಂಡಿದ್ದರು. ಕೆಂಪರ್, ಫ್ರ್ಯಾಕ್ಟಲ್, ಲೈನ್ 6 ಹೀಲಿಕ್ಸ್, ಕ್ವಾಡ್ ಕಾರ್ಟೆಕ್ಸ್ ಇವೆಲ್ಲ ಇವತ್ತು ಎಷ್ಟು ಚೆನ್ನಾಗಿವೆ ಅಂದರೆ ಕೆಳಗೆ ನಿಂತ ಕೇಳುಗರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ತಿಳಿಯುವುದು ನಿಮಗೆ. ಪಬ್‌ನ ಹಳೆಯ ಮಾನಿಟರ್‌ನಲ್ಲಿ ಗಾಯಕರ ಧ್ವನಿ, ಕೀಬೋರ್ಡ್ ಎಲ್ಲದರ ಜೊತೆ ನಿಮ್ಮ ಗಿಟಾರೂ ತುರುಕಿದಾಗ ಉಳಿಯುವುದು ಬರೀ ಗಲಾಟೆ. ಬೆನ್ನ ಹಿಂದೆ ಒಂದು ಆಂಪ್ ಇದ್ದರೆ ನಿಮಗೆ ಯಾರ ಹಂಗೂ ಇಲ್ಲ. ಫೀಡ್‌ಬ್ಯಾಕ್‌ಗೆ (ಆಂಪ್ ಸದ್ದು ತಂತಿಗಳನ್ನೇ ಮತ್ತೆ ಮೀಟುವುದಕ್ಕೆ) ಆಂಪ್ ಕಡೆ ಗಿಟಾರ್ ತಿರುಗಿಸಿ ಒಂದು ಸ್ವರವನ್ನು ಹಾಗೇ ಹಿಡಿದಿಡುವ ಸುಖವೂ ಅಲ್ಲೇ ಇರುವುದು. ಪ್ರೊಸೆಸರ್ ಇಟ್ಟುಕೊಳ್ಳುವವರು ಸದ್ದನ್ನು ಮೊದಲೇ ಹೊಂದಿಸಿಡುವ ಪ್ರಿಸೆಟ್‌ಗಳನ್ನು ಹೆಡ್‌ಫೋನ್‌ನಲ್ಲಿ ಮಾಡಿ ಮುಗಿಸಬೇಡಿ. ಜೋರಾಗಿ, ದೊಡ್ಡ ಸ್ಪೀಕರ್‌ನಲ್ಲಿ, ಬ್ಯಾಂಡ್ ಜೊತೆ ಇಟ್ಟು ತಿದ್ದಿ.

ಶೋ ಮಧ್ಯೆ ಆಂಪ್ ಸತ್ತೋದ್ರೆ ಏನ್ಮಾಡೋದು?

ಮೊದಲು ಪೆಡಲ್‌ಗಳನ್ನು ಬಿಟ್ಟು ಗಿಟಾರ್‌ನಿಂದ ನೇರ ಆಂಪ್‌ಗೆ ಬೇರೆ ಕೇಬಲ್ ಹಾಕಿ. ಹೆಚ್ಚಿನ ಸಲ ಅಲ್ಲೇ ಜೀವ ಬರುತ್ತದೆ, ತಪ್ಪು ಯಾವುದೋ ಸಣ್ಣ ಕೇಬಲ್‌ದು. ಆಂಪ್ ದೀಪವೇ ಆರಿದ್ದರೆ ಪ್ಲಗ್ ನೋಡಿ, ಆಮೇಲೆ ಪ್ಲಗ್ ಕಿತ್ತು ಫ್ಯೂಸ್ ನೋಡಿ. ಫ್ಯೂಸ್ ಅದೇ ಅಳತೆಯದೇ ಹಾಕಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದರೆ ನೂರು ರೂಪಾಯಿಯ ಕೆಲಸ ಸಾವಿರಾರಕ್ಕೆ ಹೋಗುತ್ತದೆ. ಹಿಂದಿನ ದೊಡ್ಡ ಟ್ಯೂಬ್‌ನೊಳಗಿನ ತಗಡು ಕೆಂಡದ ಹಾಗೆ ಕೆಂಪಗಾಗಿದ್ದರೆ ಒಂದು ಕ್ಷಣವೂ ಕಾಯದೆ ಆಫ್ ಮಾಡಿ, ಅವತ್ತಿಗೆ ಆ ಆಂಪ್ ಮುಗಿಯಿತು. ಒಳಗೆ ಕೈ ಹಾಕಬೇಡಿ. ಆಫ್ ಆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ.

ನನಗೆ ಹಾಗಾದದ್ದು ಎರಡನೇ ಹಾಡಿನಲ್ಲಿ. ಬಾಸ್ ಮತ್ತು ಡ್ರಮ್ಸ್ ನಿಲ್ಲಿಸಲಿಲ್ಲ, ಅದೇ ತಾಳವನ್ನು ಸುತ್ತಿ ಸುತ್ತಿ ನುಡಿಸಿದರು. ನಾನು ಮಂಡಿಯೂರಿ ಕ್ಯಾಬಿನೆಟ್ ಸದ್ದನ್ನು ಅನುಕರಿಸುವ ಸಣ್ಣ ಪೆಡಲ್ ಒಂದನ್ನು ತೆಗೆದು ನೇರ ಪಿಎಗೆ ಸಿಕ್ಕಿಸಿದೆ. ಸೌಂಡ್ ಇಂಜಿನಿಯರ್ ಕೈ ಎತ್ತಿ ಸನ್ನೆ ಮಾಡಿದರು. ಪಲ್ಲವಿಗೆ ಸರಿಯಾಗಿ ಸೇರಿಕೊಂಡೆ. ಆ ಪೆಡಲ್, ಎರಡು ಫ್ಯೂಸು, ಒಂದು 12ಎಎಕ್ಸ್7 ಟ್ಯೂಬು, ಒಂದು ಹೊಸ 9 ವೋಲ್ಟ್ ಬ್ಯಾಟರಿ ಇವತ್ತಿಗೂ ನನ್ನ ಗಿಟಾರ್ ಬ್ಯಾಗಿನ ಮುಂದಿನ ಜೇಬಿನಲ್ಲೇ ಇವೆ.